ಬೇಟೆಯ ವಾರದಲ್ಲಿ ಹಸಿರು ಟೋಪಿ

ಇದನ್ನು ಹೇಳಲು ನಾನು ತಕ್ಕವಳೋ ಅಲ್ಲವೋ ಎಂಬ ಅಳುಕು ಈಗಲೂ ಇದೆ, ತಪ್ಪಿದ್ದರೆ ಮನ್ನಿಸಬೇಕು. ನಾನು ಆಲ್ವಿನ್ ಕ್ರೂಗರನ ಮನೆಯವಳಲ್ಲ. ಅವನನ್ನು ಮಣ್ಣು ಮಾಡಿದ ದಿನ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಮ್ಮ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಆಲೂಗಡ್ಡೆ ಬಿಸಿ ಮಾಡುತ್ತಿದ್ದೆ, ಅಷ್ಟೇ.

ಅವನ ಮಗಳು ಡಾರ್ಲಾ ಅಲ್ಲೇ ಅಡಿಗೆಮನೆಯಲ್ಲಿ ಟೋಪಿಯಾಕಾರದ ಕೇಕಿನ ಮೇಲೆ ಕಂದು ಐಸಿಂಗ್ ಹಿಂಡುತ್ತಿದ್ದಳು. ಬಟ್ಟಲಲ್ಲಿ ಬೇಯಿಸಿದ ಗುಮ್ಮಟ, ಮುಂದೆ ಚಾಚಿದ ಅಂಚು. ಖಾಕಿ ಬಣ್ಣದ ಮೇಲೆ ಹಸಿರು, ಕಂದು, ಕಪ್ಪು: ಅವಳಪ್ಪ ಸದಾ ಹಾಕುತ್ತಿದ್ದ ಬೇಟೆ ಟೋಪಿಯ, ಎಲೆಗಳಲ್ಲಿ ಬೆರೆತು ಕಾಣದಂತಾಗುವ ಕಾಡುಬಣ್ಣ.

"ಹಸು ಆಯ್ತಲ್ಲೇ ಇದು," ಅಂದಳು ಲೊರೇನ್, ಆಲ್ವಿನನ ತಂಗಿ.

"ಅತ್ತೆ, ಈಗ ಬೇಡ."

"ಮಚ್ಚೆ ದುಂಡಗಿದೆ ಅಂದೆ. ಯಾವ ಕಾಡಲ್ಲಿ ಎಲೆ ಇಷ್ಟು ದುಂಡಗಿರುತ್ತೆ?"

"ಟೋಪಿ ಎದುರಿಗಿದ್ದಿದ್ರೆ ನೋಡ್ಕೊಂಡು ಮಾಡ್ತಿದ್ದೆ. ರಸ್ ಅಣ್ಣ ಅದನ್ನೂ ಅಪ್ಪನ ಜೊತೆ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟ. ನನ್ನ ಒಂದು ಮಾತು ಕೇಳಿದ್ನಾ?"

ಕಂದು ಹಸಿರಿನೊಳಕ್ಕೆ ಹರಿಯಿತು. ಡಾರ್ಲಾ ಚಾಕುವಿನಿಂದ ಎತ್ತಿ, ಮತ್ತೆ ಹಿಂಡಿದಳು. ಮತ್ತೆ ಹರಿಯಿತು.

*

ಡಾರ್ಲಾಳ ಕೆಲಸ ದಿನಸಿ ಅಂಗಡಿಯ ಬೇಕರಿಯಲ್ಲಿ. ಆಲ್ವಿನ್ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನು. ಪ್ರತಿ ಶನಿವಾರ ಬಂದು, ಬ್ರೆಡ್ಡಿನ ಕಪಾಟಿನ ಹಿಂದೆ ನಿಂತು, ಅವಳು ಕೇಕಿನ ಮೇಲೆ ಐಸಿಂಗಿನ ಗುಲಾಬಿ ಹಿಂಡುವುದನ್ನು ನೋಡಿ, ಒಂದು ಬ್ರೆಡ್ ಕೊಂಡು ಹೋಗುತ್ತಿದ್ದ. ಒಮ್ಮೆ ಮೂರಂತಸ್ತಿನ ಮದುವೆ ಕೇಕ್ ಮುಗಿಸಿ ಅವಳೇ ಕೇಳಿದ್ದಳು: "ಹೇಗಿದೆ ಅಪ್ಪಾ?"

ಅವನು ಟೋಪಿಯ ಅಂಚನ್ನು ಕೆಳಗೆಳೆದುಕೊಂಡು, "ಗೋಧಿ ಬ್ರೆಡ್ ಈ ಸಲ ಎಲ್ಲಿಟ್ಟಿದ್ದೀರಿ?" ಅಂದಿದ್ದ.

ಚೆನ್ನಾಗಿದೆ ಎಂಬ ಒಂದು ಮಾತು ಅವನಿಂದ ಬರಲೇ ಇಲ್ಲ. ಈ ಒಂದು ಕೇಕಾದರೂ ಅವನು ಮೆಚ್ಚುವಂತಿರಬೇಕೆಂದು ಅವಳು ಹಟ ಹಿಡಿದಿದ್ದಳು.

*

ತಟ್ಟೆ ಹುಡುಕುತ್ತ ಬಂದ ಅಣ್ಣ ರಸ್ ಕೇಕ್ ನೋಡಿ ನಕ್ಕುಬಿಟ್ಟ.

"ಅಯ್ಯೋ ಡಾರ್ಲಾ! ಜಿಂಕೆ ಬೇಟೆಯ ಬಂದೂಕಿನ ವಾರ ಇದು. ಹಸಿರು ಟೋಪಿ ಹಾಕ್ಕೊಂಡು ಕಾಡಿಗೆ ಹೋದ್ರೆ ಜಿಂಕೆ ಅಂತ ಯಾರಾದ್ರೂ ಹೊಡೆದು ಹಾಕ್ತಾರೆ. ಅಪ್ಪನ ಟೋಪಿನ ನಾನು ತಿರುಗಿಸಿ, ದೂರಕ್ಕೇ ಕಾಣೋ ಕಿತ್ತಳೆ ಬಣ್ಣ ಹೊರಗೆ ಬರೋ ಹಾಗೆ ಇಟ್ಟಿದ್ದೀನಿ."

"ಯಾವ ಕಿತ್ತಳೆ?"

"ಒಳಗಡೆದು. ಎರಡೂ ಮಗ್ಗುಲು ತಿರುಗಿಸಿ ಹಾಕ್ಕೊಳ್ಳೋ ಟೋಪಿ ಅದು. ನೋಡೇ ಇಲ್ವಾ ನೀನು?"

ಅವಳು ನೋಡಿರಲಿಲ್ಲ. ಬಾಗಿಲಾಚೆ ಊಟಕ್ಕೆ ಕೂತಿದ್ದ, ಸೂಟು ಹಾಕಿದ ಗಂಡಸರ ಮೊಣಕಾಲುಗಳ ಮೇಲೆಲ್ಲ ಕಿತ್ತಳೆ ಟೋಪಿಗಳೇ. ಶವಸಂಸ್ಕಾರ ಮುಗಿಸಿ ನೇರ ಕಾಡಿಗೆ ಹೋಗುವವರು.

"ಒಬ್ರಾದ್ರೂ ಮೊದಲೇ ಹೇಳಬಾರದಿತ್ತಾ?" ಡಾರ್ಲಾ ಅಗಲ ಚಾಕು ಎತ್ತಿಕೊಂಡು ಹಸಿರನ್ನು ಕೆರೆಯತೊಡಗಿದಳು.

"ಯಾಕಮ್ಮಾ ಕೆರೀತೀಯ?" ಕಾಫಿ ಲೋಟ ತುಂಬಿಸಿಕೊಳ್ಳಲು ಬಂದಿದ್ದ ಗಾರ್ಡಿ ಬಾಗಿಲಲ್ಲೇ ನಿಂತ. ಆಲ್ವಿನನ ಬೇಟೆಯ ಜೊತೆಗಾರ. "ನಿನ್ನ ಅಂಗಡಿಗೆ ಬರೋವಾಗ ಹೀಗೇ ಇರ್ತಿತ್ತಲ್ಲ."

"ಬಂದೂಕಿನ ವಾರದಲ್ಲಿ ಕಿತ್ತಳೆ ಅಂತೆ."

"ಕಾಡಲ್ಲಿ ಕಿತ್ತಳೆನೇ. ಶನಿವಾರ ಅಲ್ಲಿಂದ ನೇರ ನಿಮ್ಮ ಅಂಗಡಿಗೆ ಬರ್ತಿದ್ವಿ. ಟ್ರಕ್ ನಿಲ್ಲಿಸಿ, ಕನ್ನಡಿ ನೋಡ್ಕೊಂಡು, ಟೋಪಿ ತಿರುಗಿಸಿ ಹಸಿರು ಮಾಡ್ಕೊಂಡೇ ಇಳಿಯೋನು. ನಾನು ಚಳೀಲಿ ಕೂತಿರ್ತಿದ್ದೆ. ಒಂದು ಬ್ರೆಡ್ ತರೋಕೆ ಎಷ್ಟು ಹೊತ್ತೋ ಮಾರಾಯಾ ಅಂತ ಬೈತಿದ್ದೆ."

ಡಾರ್ಲಾಳ ಕೈ ನಿಂತಿತು. "ಯಾಕೆ ತಿರುಗಿಸ್ಕೋತಿದ್ದ?"

"ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?" ಅವಳು ಕೂಗಿಯೇಬಿಟ್ಟಳು.

"ಆಲ್ವಿನನ್ನ ಏನಾದ್ರೂ ಕೇಳಿ ಉತ್ತರ ತಗೊಂಡೋರು ಈ ಊರಲ್ಲಿ ಯಾರಿದ್ದಾರಮ್ಮಾ?" ಅಂದ ಗಾರ್ಡಿ.

ಅವಳು ಕೆರೆದ ಜಾಗಕ್ಕೆ ಮತ್ತೆ ಹಸಿರು ಹಚ್ಚಿ, ಕೇಕನ್ನು ತಾನೇ ಹೊರಗೊಯ್ದಳು. ಮೊದಲು ಅಂಚನ್ನು ಕುಯ್ದು ಗಾರ್ಡಿಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಕಿತ್ತಳೆ ಟೋಪಿಯ ಗಂಡಸರ ಹಲ್ಲು, ತುಟಿಗಳೆಲ್ಲ ಕಡುಹಸಿರಾದವು. ಯಾರೂ ಯಾರಿಗೂ ಅದನ್ನು ಹೇಳದೆ, ಕಂಡ ಜಿಂಕೆ, ತಪ್ಪಿದ ಜಿಂಕೆಗಳ ಮಾತಾಡುತ್ತ ಮತ್ತೊಂದು ತುಂಡಿಗೆ ತಟ್ಟೆ ಚಾಚಿದರು.

ಕಪಾಟಿನ ಹಿಂದೆ ನಿಂತಾಗ ಮಗಳ ಕಣ್ಣಿಗೆ ಬೀಳಬಾರದೆಂದು ಆಲ್ವಿನ್ ಟೋಪಿ ತಿರುಗಿಸಿಕೊಳ್ಳುತ್ತಿದ್ದನೋ, ಅವಳೆದುರು ನೀಟಾಗಿ ಕಾಣಬೇಕೆಂದೋ, ನನಗೆ ಗೊತ್ತಿಲ್ಲ.