ಇಲಿವಾರದ ಸ್ಯಾಂಪಲ್ಲು

ಹನ್ನೆರಡೂ ಬೋನುಗಳು ಬಾಯಿ ತೆರೆದು ಕೂತಿದ್ದವು. ಒಂದರಲ್ಲೂ ಇಲಿಯಿಲ್ಲ. ವೈರಸ್ ಲ್ಯಾಬಿನಿಂದ ಬಂದು ಅವುಗಳನ್ನಿಟ್ಟಿದ್ದ ಮೃಣಾಲಿನಿಗೆ ಅಳು ಬರುವಷ್ಟು ಸಿಟ್ಟು ಬಂತು.

ತೆಲುಗು ಸೀಮೆಯ ಮಣಿಕೊಂಡದಲ್ಲಿ, ತಾವು ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ಆ ತಗಡಿನ ಶೆಡ್ಡಿನಲ್ಲಿ ರಾಯಚೂರು ಕಡೆಯ ನಲವತ್ತು ಕೂಲಿಕಾರರು ಮಲಗುತ್ತಿದ್ದರು. ಅವರಲ್ಲಿ ಹಂಪಯ್ಯ ಜ್ವರದಿಂದ ಆಸ್ಪತ್ರೆ ಸೇರಿದ್ದ. ಅವನ ರಕ್ತದಲ್ಲಿ ಇಲಿಗಳಿಂದ ಹರಡುವ ವೈರಸ್ ಸಿಕ್ಕಿತ್ತು. ಶೆಡ್ಡು ಖಾಲಿ ಮಾಡಿಸಿ ಎಂದರೆ ಗುತ್ತಿಗೆದಾರ ಏನು ಮಾಡಿದರೂ ಒಪ್ಪಲಿಲ್ಲ. ಹಂಪಯ್ಯ ರೋಗವನ್ನು ಊರಿಂದಲೇ ತಂದಿರಬೇಕು, ಅದು ನನ್ನ ಶೆಡ್ಡಿನ ಇಲಿಯಲ್ಲಿದೆ ಎಂದು ತೋರಿಸಿದರೆ ಆವತ್ತೇ ಎಲ್ಲರನ್ನೂ ಬಿಲ್ಡಿಂಗಿನೊಳಗೆ ಕಳಿಸುತ್ತೇನೆ ಎಂದು ತೆಲುಗಿನಲ್ಲಿ ಕೈತೊಳೆದುಕೊಂಡಿದ್ದ.

"ಬೋನು ಯಾರು ತೆಗೆದದ್ದು?"

"ನಾನರೀ" ಎಂದಳು ಹಂಪಯ್ಯನ ಹೆಂಡತಿ ಗದಿಗೆಮ್ಮ, ಒಂದಿಷ್ಟೂ ಅಳುಕದೆ. "ನಿನ್ನಿ ಚೌತಿ, ಇವತ್ತ ಇಲಿವಾರ. ಗಣಪ್ಪನ ಇಲಿಗೆ ಕಡುಬು ಇಡೂ ದಿನ ಯಾರರ ಇಲಿ ಹಿಡೀತಾರೇನ್ರೀ? ಮೂರು ಬಿದ್ದಿದ್ವು, ಬಿಟ್ಟೆ. ನೀವೂ ನಮ್ಮ ಕಡೀಯವ್ರು, ಅಷ್ಟೂ ಗೊತ್ತಿಲ್ಲೇನ್ರೀ?"

ಧಾರವಾಡದ ಮನೆತನವಾದರೂ ನಾರಾಯಣಗೂಡದಲ್ಲಿ ಬೆಳೆದ ಮೃಣಾಲಿನಿಗೆ ಅಜ್ಜಿಯ ಜೊತೆಗೇ ಇಲಿವಾರವೂ ಹೋಗಿತ್ತು. ಪಂಚಾಂಗ ನೋಡದೆ ಬೋನಿಟ್ಟ ಮಹಾ ವಿಜ್ಞಾನಿ! ಬೈಯಲು ಬಾಯಿ ತೆರೆದವಳು ಥಟ್ಟನೆ ತಡೆದುಕೊಂಡಳು.

"ಕಡುಬು ಎಲ್ಲಿಟ್ಟೀರಿ?"

"ಅಕ್ಕಿ ಚೀಲದ ಹಿಂದ, ಹತ್ತು. ಎಲ್ಲಾ ಕಡದಾವ ನೋಡ್ರಿ, ಭಾಳ ಛಲೋ ಆತು. ಉಳಿದದ್ದ ಹುಡುಗರಿಗೆ ಪ್ರಸಾದ—"

"ಮುಟ್ಟಬ್ಯಾಡ್ರಿ!" ಅಜ್ಜಿಯ ಧಾರವಾಡದ ಮಾತು ಅವಳ ಬಾಯಿಂದ ತಾನಾಗಿ ಹೊರಟಿತು.

ಕಚ್ಚಿದ ಕಡುಬಿನ ಮೇಲೆ ಇಲಿಯ ಜೊಲ್ಲಿರುತ್ತದೆ, ಜೊಲ್ಲಿನಲ್ಲಿ ವೈರಸ್ಸೂ ಇರಬಹುದು. ಮೂರು ಇಲಿ ಹೋದರೆ ಹೋಗಲಿ, ಹತ್ತು ಕಡುಬು ಸಿಕ್ಕಿವೆ! ಮಾಸ್ಕು, ಗ್ಲೌಸು ಹಾಕಿಕೊಂಡು ಹಲ್ಲಿನ ಗುರುತುಗಳನ್ನೆಲ್ಲ ಹತ್ತಿಕಡ್ಡಿಯಿಂದ ಒರೆಸಿ ಕೊಳವೆಗಳಿಗೆ ಹಾಕಿದಳು. ಇಲಿ ಕೊಲ್ಲದೆ ಇದರಲ್ಲೇ ಪರೀಕ್ಷೆ ಆಗುತ್ತದೆ ಎಂದು ಗದಿಗೆಮ್ಮನಿಗೆ ಹೇಳಿದಳು.

"ಜೀವ ತಗೀಲಾರದ ಆಗತೈತಿ ಅಂದ್ರ ಮೊದಲ ಹೇಳಬೇಕಿಲ್ಲೇನ್ರೀ, ಇಪ್ಪತ್ತು ಮಾಡತಿದ್ದೆ" ಎಂದಳು ಗದಿಗೆಮ್ಮ.

ಮಧ್ಯಾಹ್ನ ಲ್ಯಾಬಿನ ಪರದೆಯ ಮೇಲೆ, ವೈರಸ್ ಇದ್ದರೆ ಮೇಲೇಳಬೇಕಾದ ಹತ್ತೂ ಸ್ಯಾಂಪಲ್ಲುಗಳ ಗೆರೆಗಳು ಸೋಮಾರಿಗಳ ಹಾಗೆ ಮಲಗಿಯೇ ಇದ್ದವು. ಮೃಣಾಲಿನಿ ಊಟ ಬಿಟ್ಟು ಕಾದಳು. ಆಮೇಲೆ ನಾಲ್ಕನೆಯದು ತಲೆಯೆತ್ತಿತು. ಹಿಂದೆಯೇ ಏಳನೆಯದು! ಹಂಪಯ್ಯನಲ್ಲಿ ಸಿಕ್ಕ ವೈರಸ್ಸೇ. "ಬಂತು! ಬಂತು!" ಎಂದು ಅವಳು ಎದ್ದ ರಭಸಕ್ಕೆ ಕುರ್ಚಿ ಮಗುಚಿ ಬಿತ್ತು. ವರದಿ ಹಿಡಿದು ನೇರ ಗುತ್ತಿಗೆದಾರನ ಮುಂದೆ ನಿಂತಳು. ಅವನು ಎರಡು ಸಲ ಓದಿ, ಮುಖ ಹುಳ್ಳಗೆ ಮಾಡಿಕೊಂಡರೂ ಮಾತು ಉಳಿಸಿಕೊಂಡ.

ಸಂಜೆ ಶೆಡ್ಡಿನ ಜನರೆಲ್ಲ ಗಂಟುಮೂಟೆ ಹೊತ್ತು ಎರಡನೇ ಮಹಡಿ ಹತ್ತಿದರು. ಗದಿಗೆಮ್ಮ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಂತಳು.

"ಬರ್ರಿ ಒಳಗ" ಎಂದಳು ಮೃಣಾಲಿನಿ.

"ಎರಡು ವರ್ಷ ಈ ಗ್ವಾಡಿಗೆ ಇಟ್ಟಂಗಿ ಹೊತ್ತೀನ್ರೀ" ಎಂದು ಗದಿಗೆಮ್ಮ ಬಾಗಿಲ ಚೌಕಟ್ಟು ಸವರಿದಳು. "ಒಳಗ ಮಲಗೂದು ಇದ ಮೊದಲು."