ಹುಣಸೆ ನೀರೆಂದು ತಿಕ್ಕಿದ ಚೊಂಬು

ತಾಮ್ರದ ಚೊಂಬಿನಲ್ಲಿ ನೀರು ಕುಡಿಯುವವರಿಗೆಲ್ಲ ಗೊತ್ತು, ಎರಡು ದಿನ ಬಿಟ್ಟರೆ ಅದು ಕಪ್ಪಾಗಿಬಿಡುತ್ತದೆ. ನಮ್ಮತ್ತೆ ಸೊಣ್ಣಮ್ಮನಿಗಂತೂ ಚೊಂಬು ಫಳಫಳ ಅನ್ನದಿದ್ದರೆ ನೀರೇ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ನಾಗಲಕ್ಷ್ಮಿ, ಯಲಹಂಕ ಹಳೇ ಟೌನಿನವಳು. ನಮ್ಮ ಯಜಮಾನರು ಸತೀಶ್ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾರೆ, ಸರ್ಕ್ಯೂಟ್ ಬೋರ್ಡನ್ನೂ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ತಾಮ್ರ ಅಂಟಿಸಿದ ಹಲಗೆಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಫೆರಿಕ್ ಕ್ಲೋರೈಡ್ ಅನ್ನುವ ಕಂದು ನೀರಿನಲ್ಲಿ ಮುಳುಗಿಸುತ್ತಾರೆ. ಗೆರೆ ಇರುವಲ್ಲಿ ಬಿಟ್ಟು ಮಿಕ್ಕ ತಾಮ್ರವನ್ನೆಲ್ಲ ಆ ನೀರು ತಿಂದುಹಾಕುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಆ ನೀರನ್ನು ಈ ಮಹಾರಾಯರು ಜ್ಯೂಸ್ ಬಾಟಲಿಗೆ ಸುರಿದು ಅಡುಗೆಮನೆಯಲ್ಲಿ ಇಟ್ಟಿದ್ದರು. ಮೇಲೆ ಒಂದಕ್ಷರ ಬರೆದಿರಲಿಲ್ಲ!

ಅತ್ತೆ ಅದನ್ನು ನಾನು ಕಿವುಚಿಟ್ಟ ಹುಣಸೆ ನೀರು ಅಂದುಕೊಂಡರು. ಚೊಂಬಿಗೆ ಸುರಿದು, ಪೂಜೆಗೆ ಹೂವು ಕಟ್ಟಿ ಮುಗಿಸುವವರೆಗೆ ನೆನೆಯಲು ಬಿಟ್ಟರು. ಆಮೇಲೆ ಬರಿಗೈಯಲ್ಲಿ ತಿಕ್ಕಿ, ತೊಳೆದು, ಕುಡಿಯುವ ನೀರು ತುಂಬಿಟ್ಟರು. ಅದೇ ಕೈಯಲ್ಲಿ ಕಣ್ಣು ಒರೆಸಿಕೊಂಡರು.

"ಅಯ್ಯೋ ಲಕ್ಷ್ಮೀ, ಕಣ್ಣು ಉರೀತೈತೆ ಕಣೇ! ಉಣಿಸೇ ನೀರು ಇಂಗೆ ಉರಿಯಾಕಿಲ್ಲ!"

ಓಡಿ ಹೋಗಿ ನೋಡಿದರೆ ಅವರ ಬೆರಳೆಲ್ಲ ಹಳದಿ. ಕೂಗು ಕೇಳಿ ಪಕ್ಕದ ಮನೆಯ ಗಜಾಲಾ ಓಡಿ ಬಂದರು. ಅವರು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾರೆ. ಬಾಟಲಿ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಅಮ್ಮಾ, ಉಜ್ಜಬೇಡಿ! ನಾಗಲಕ್ಷ್ಮಿ, ನಲ್ಲಿ ಬಿಡಿ. ಕಣ್ಣು ತೆರೆದಿರ್ಬೇಕು, ಕಾಲು ಗಂಟೆ ನೀರು ಹರೀತಾನೇ ಇರ್ಬೇಕು. ಆಮೇಲೆ ಸೀದಾ ಆಸ್ಪತ್ರೆ."

ಅಷ್ಟರಲ್ಲಿ ಸತೀಶ್ ಬಂದರು. "ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕ್ ಮೇಡಂ? ನಾನು ದಿನಾ ಮುಟ್ತೀನಿ, ಕಲೆ ಆಗುತ್ತೆ ಅಷ್ಟೇ."

"ಕೈ ಬೇರೆ, ಕಣ್ಣು ಬೇರೆ ಕಣ್ರೀ. ಆಟೋ ಕರೀರಿ!"

ತಕ್ಷಣ ತೊಳೆದದ್ದೇ ಒಳ್ಳೆಯದಾಯಿತು, ಕಣ್ಣಿಗೆ ಅಪಾಯವಿಲ್ಲ ಎಂದರು ಡಾಕ್ಟರು. ಗಜಾಲಾ ಸೇರಿ ನಾವೆಲ್ಲ ಉಸಿರು ಬಿಟ್ಟು ಮನೆಗೆ ಬಂದೆವು. ಅತ್ತೆ ನೀರು ಕೇಳಿದರು. ಸತೀಶ್ ಅದೇ ಚೊಂಬಿನಿಂದ ಲೋಟಕ್ಕೆ ಬಗ್ಗಿಸಿ ತಾಯಿಯ ಕೈಗೆ ಕೊಟ್ಟರು. ಅತ್ತೆ ಆ ನೀರಿನಿಂದ ಯಾವ ಪಾತ್ರೆ ತಿಕ್ಕಿದ್ದರೆಂದು ಅವರು ಕೇಳಿಯೇ ಇರಲಿಲ್ಲ. ಲೋಟ ತುಟಿಯ ಹತ್ತಿರ ಹೋಗಿತ್ತು.

"ಕುಡೀಬೇಡಿ!" ಗಜಾಲಾ ಲೋಟ ಕಿತ್ತುಕೊಂಡರು. ಚೊಂಬನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಳಗೆಲ್ಲ ತರಿತರಿ, ತಾಮ್ರ ತಿಂದುಹೋಗಿತ್ತು. "ಬೋರ್ಡಿನ ತಾಮ್ರ ತಿನ್ನೋ ನೀರು ಚೊಂಬನ್ನ ಬಿಡುತ್ತಾ ಸತೀಶ್? ಇದರಲ್ಲಿ ಉಳಿದಿರೋದು ಅಮ್ಮನ ಹೊಟ್ಟೆಗೆ ಹೋಗ್ತಿತ್ತು."

ಸತೀಶ್ ಚೊಂಬನ್ನು ಇಸಿದುಕೊಂಡು ಒಳಗೆ ಇಣುಕಿ ನೋಡಿದರು. "ನನ್ನ ಕೈಯಾರೆ ಕುಡಿಸ್ತಿದ್ದೆನಲ್ಲಮ್ಮಾ..." ಅಂದರು.

ಈಗ ಆ ಕೆಲಸ ಮಹಡಿಯ ಮೇಲೆ, ಗಾಳಿಯಾಡುವ ಜಾಗದಲ್ಲಿ. ಗ್ಲೌಸು, ಕನ್ನಡಕ ಇಲ್ಲದೆ ಅವರು ಕೂರುವುದಿಲ್ಲ. ಪ್ಲಾಸ್ಟಿಕ್ ಟ್ರೇ ಬಿಟ್ಟು ಅಡುಗೆ ಪಾತ್ರೆ ಮುಟ್ಟುವುದಿಲ್ಲ. ಕ್ಯಾನಿನ ಮೇಲೆ ದಪ್ಪಕ್ಷರದಲ್ಲಿ 'ವಿಷ' ಎಂದು ಬರೆದು ಬೀಗ ಹಾಕುತ್ತಾರೆ. ಬಳಸಿದ ನೀರನ್ನು ಮೋರಿಗೆ ಚೆಲ್ಲದೆ, ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳಲು ಅನುಮತಿ ಇರುವವರಿಗೇ ಕೊಡುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೋರ್ಡು ಮಾಡುವವರು ಇರಬಹುದು, ಕಾಲೇಜಿನ ಪ್ರಾಜೆಕ್ಟ್ ಮಾಡುವ ಮಕ್ಕಳಿರಬಹುದು. ಆ ನೀರು ಎಲ್ಲಿಟ್ಟಿದ್ದೀರಿ ಎಂದು ಈಗಲೇ ಕೇಳಿ. ತಿನ್ನುವ ಕುಡಿಯುವ ವಸ್ತುಗಳ ಹತ್ತಿರ ಇದ್ದರೆ ಇವತ್ತೇ ತೆಗೆಸಿ. ನಮ್ಮನೆಗೆ ಗಜಾಲಾ ಬಂದರು. ನಿಮ್ಮನೆಗೆ ಆ ಹೊತ್ತಿಗೆ ಯಾರು ಬರುತ್ತಾರೆ?