ವರ್ಕಿಯ ದಿನಕ್ಕೊಂದು ಫೋಟೋ

"ಫೋಟೋ ಗೀಟೋ ಏನೂ ಬೇಡ, ನಡಿ!" ಏಲಿಯಮ್ಮ ಸ್ಟುಡಿಯೋದವನನ್ನು ಬಾಗಿಲಿನಿಂದಾಚೆ ತಳ್ಳಿದಳು. ನಡುಮನೆಯಲ್ಲಿ ಅವಳ ಗಂಡ ವರ್ಕಿ, ಕೈಗೆ ಬಿಳಿ ಗವಸು ತೊಟ್ಟು, ಶವಪೆಟ್ಟಿಗೆಯೊಳಗೆ ಮಲಗಿದ್ದ.

ಮೈದುನ ಚಾಕ್ಕೋ ಹಣೆ ಚಚ್ಚಿಕೊಂಡ. "ಚೇಡತ್ತಿ, ಪೆಟ್ಟಿಗೆ ಸುತ್ತ ನಿಂತು ಒಂದು ಫೋಟೋ ತೆಗೆಸೋದು ನಮ್ಮಲ್ಲಿ ಇದ್ದಿದ್ದೇ ಅಲ್ವಾ? ಪಾದ್ರಿಗಳು ಆಗ್ಲೇ ದೋಣಿ ಹತ್ತಿದ್ರಂತೆ."

"ವರ್ಷವಿಡೀ ಅನುಭವಿಸಿದ್ದು ಸಾಲದಾ? ಫೋಟೋ ಅಂದ್ರೆ ಮೈಯೆಲ್ಲ ಉರಿಯುತ್ತೆ ನಂಗೆ."

*

ಸರ್ಕಾರಿ ದೋಣಿ ನಡೆಸಿ ನಿವೃತ್ತನಾಗಿದ್ದ ವರ್ಕಿ ಹೊಸವರ್ಷದ ದಿನ ಪಣ ತೊಟ್ಟಿದ್ದ: ವರ್ಷಪೂರ್ತಿ ದಿನಕ್ಕೊಂದು ಫೋಟೋ, ಅದೂ ಈ ಕಾಲುವೆಯ ದಂಡೆ ಬಿಟ್ಟು ಹೋಗದೆ. ಅಂದಿನಿಂದ ಮನೆಯಲ್ಲಿ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಅವನು ಬಾತುಕೋಳಿಗಳ ಹಿಂದೆ ಅಲೆಯುವಾಗ ಇಲ್ಲಿ ಬೇಯಿಸಿದ ಮರಗೆಣಸು ತಣ್ಣಗಾಯಿತು, ಮೀನು ಬೆಕ್ಕಿನ ಪಾಲಾಯಿತು. ಪಕ್ಕದ ಮನೆಯವರು ಒಣಹಾಕಿದ ಒಳಲಂಗದ ಫೋಟೋ ತೆಗೆದು ಬೈಗುಳ ತಿಂದು ಬಂದ.

ಮೊನ್ನೆ ಜ್ವರದಲ್ಲಿ ಮಲಗಿದ್ದವನು ಮೊಬೈಲ್ ಚಾಚಿದ್ದ. "ಏಲೀ, ಇವತ್ತಿಂದು ನೀನೇ ತೆಗಿಯೇ. ಏನಾದ್ರೂ ಸರಿ."

"ಒಂದಿನ ತಪ್ಪಿದ್ರೆ ಆಕಾಶ ಕಳಚಿ ಬೀಳುತ್ತಾ? ಸುಮ್ನೆ ಗಂಜಿ ಕುಡಿದು ಮಲಗಿ."

ಅವಳು ಅಡುಗೆಮನೆಗೆ ಹೋದದ್ದೇ ತಡ, ಗೋಡೆ ಹಿಡಿದುಕೊಂಡು ಕಾಲುವೆಯ ಮೆಟ್ಟಿಲವರೆಗೂ ಹೋದ. ಅಲ್ಲೇ ಎದೆ ಹಿಡಿದುಕೊಂಡು ಕುಸಿದ.

*

"ಹಟಮಾರಿ," ಎಂದು ಏಲಿಯಮ್ಮ ಪೆಟ್ಟಿಗೆಯತ್ತ ನೋಡಿ ಹಲ್ಲು ಕಚ್ಚಿದಳು.

ಮೀನು ಮಾರುವ ತಂಗಮ್ಮ ಬಂದು ಪಕ್ಕದಲ್ಲಿ ಕೂತಳು. "ಚೇಚಿ, ನಮ್ಮನೇಲಿ ಅಮ್ಮಂದು ಅಂತ ಇರೋದು ಇವ್ರು ತೆಗೆದ ಫೋಟೋ ಒಂದೇ. ಬುಟ್ಟಿ ಹೊತ್ಕೊಂಡು ಯಾರಿಗೋ ಬೈತಾ ಇದಾಳೆ. ಈಗ ಅದಕ್ಕೇ ಹೂವು ಹಾಕ್ತೀವಿ."

"ಯಾರಿಗೆ ಬೈತಿದ್ಲು?"

"ಇವ್ರಿಗೇ. ವ್ಯಾಪಾರದ ಹೊತ್ತಲ್ಲಿ ಅಡ್ಡ ನಿಂತಿದ್ದಕ್ಕೆ."

ಯಾರೋ ಕಿಸಕ್ಕನೆ ನಕ್ಕು ಸೆರಗು ಬಾಯಿಗೊತ್ತಿಕೊಂಡರು. ಏಲಿಯಮ್ಮ ನಗಲಿಲ್ಲ. ಮೂಗು ಒರೆಸಿಕೊಂಡು, ಹೊರಗೆ ನಿಂತಿದ್ದ ಸ್ಟುಡಿಯೋದವನಿಗೆ ಕೈಬೀಸಿದಳು. ಎಲ್ಲರೂ ಸುತ್ತ ನಿಂತರು. ಅವನು ಕ್ಯಾಮೆರಾ ಎತ್ತಿದ.

"ನಿಲ್ಲು ಮಾರಾಯ! ಕಣ್ಣು ಕಾಣಲ್ವಾ? ಇವ್ರ ಮುಖವೆಲ್ಲ ಕತ್ತಲು."

"ಫ್ಲ್ಯಾಶ್ ಇದೆ ಚೇಚಿ—"

"ಏನೂ ಬೇಡ. ಚಾಕ್ಕೋ, ಹಿಡಿ. ತಲೆ ಕಿಟಕಿ ಕಡೆ ಬರಲಿ."

ನಾಲ್ವರು ಗೊಣಗುತ್ತಲೇ ಪೆಟ್ಟಿಗೆ ಎತ್ತಿದರು. ಅಷ್ಟರಲ್ಲಿ ಬಂದ ಪಾದ್ರಿಗಳು ಹೊಸ್ತಿಲಲ್ಲೇ ನಿಂತುಬಿಟ್ಟರು. ಏಲಿಯಮ್ಮ ಮೇಣದಬತ್ತಿಯ ಕಂಬವನ್ನು ಕಾಲಿನಿಂದ ಸರಿಸಿ, "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ," ಎಂದು ಕೈಯಾಡಿಸುತ್ತಿದ್ದಳು. ಕಾಲುವೆಯ ನೀರಿನಿಂದ ಪುಟಿದ ಬಿಸಿಲು ಕಿಟಕಿಯೊಳಗೆ ಬಂದು ವರ್ಕಿಯ ಮೂಗಿನ ಮೇಲೆ, ಆಮೇಲೆ ಕೆನ್ನೆಯ ಮೇಲೆ ತುಳುಕಿತು.